ಬೂದಿ ಕೂತಿದ್ದ ರೀಲು

ಮೇಜಿನ ಮೇಲೆ ಇಟ್ಟ ಕೂಡಲೇ ಕ್ಯಾಮೆರಾದ ತಳದಿಂದ ಒಂದು ಚಿಟಿಕೆಯಷ್ಟು ಪುಡಿ ಉದುರಿತು. ಬೂದು ಬಣ್ಣ, ಸಿಮೆಂಟಿನ ಹಾಗೆ. ಬ್ರಶ್ಶಿನಿಂದ ಗುಡಿಸಿ ಬುಟ್ಟಿಗೆ ಹಾಕಲು ಹೊರಟ ನನ್ನನ್ನು ಎದುರಿಗೆ ಕೂತಿದ್ದ ಹಿರಿಯಾಕೆ ತಡೆದರು.

“ಒಗೀಬ್ಯಾಡ್ರಿ ಅದನ್ನ. ಅದು ಗುಡ್ಡದ್ದು.”

“ಯಾವ ಗುಡ್ಡದ್ದು?”

“ಮೌಂಟ್ ಸೇಂಟ್ ಹೆಲೆನ್ಸ್. ಎಂಬತ್ತರಾಗ ಸಿಡೀತಲ್ರಿ. ನಮ್ಮ ಮನಿ ಮ್ಯಾಲೆ ಬಿದ್ದದ್ದು ಇದು.”

ಬೇ ಏರಿಯಾದ ಕ್ಯಾಂಪ್‌ಬೆಲ್‌ನಲ್ಲಿ ಒಂದು ಟೈರ್ ಅಂಗಡಿಯ ಹಿಂಬದಿಗಿರುವ ನಮ್ಮ ಲ್ಯಾಬಿಗೆ ಬರುವುದೇ ಹಳೆಯ ಫಿಲ್ಮು. ಫೋಟೋ ತೆಗೆದು, ತೊಳೆಸುವುದು ಮರೆತು, ಗರಾಜಿನಲ್ಲೋ ಸೂಟ್‌ಕೇಸಿನಲ್ಲೋ ದಶಕಗಟ್ಟಲೆ ಬಿದ್ದಿದ್ದ ರೀಲುಗಳು. ಹೆಚ್ಚಿನವುಗಳಲ್ಲಿ ಹುಟ್ಟುಹಬ್ಬದ ಕೇಕು, ಸಮುದ್ರದ ದಂಡೆ, ಯಾರದೋ ನಾಯಿ. ಜ್ವಾಲಾಮುಖಿಯನ್ನೇ ಜೊತೆಗೆ ಹೊತ್ತು ತಂದದ್ದು ಇದೇ ಮೊದಲು. ಪುಡಿಯನ್ನು ಬಿಳಿ ಕಾಗದದ ಮೇಲೆ ಸರಿಸಿ ಭೂತಗನ್ನಡಿ ಇಟ್ಟು ನೋಡಿದೆ. ಬೂದಿಯೇ ಅಲ್ಲ ಅದು. ಒಡೆದ ಗಾಜಿನಂತೆ ಮೊನೆಮೊನೆಯಾಗಿ ಮಿನುಗುತ್ತಿತ್ತು.

“ವಿಭೂತಿ ಅಂತ ತಿಳೀಬ್ಯಾಡ್ರಿ, ಕಲ್ಲದು,” ಎಂದರು ಆಕೆ. “ಕಣ್ಣಾಗ ಹೊಕ್ಕರ ಕೊರೀತದ. ಎಷ್ಟು ಮಂದಿ ಕಣ್ಣು ತೊಳದೀನಿ ಆವತ್ತು!”

ವಿಜಯಪುರದವರು, ಡಾಕ್ಟರು. ಮದುವೆಯಾಗಿ ಬಂದ ಹೊಸದರಲ್ಲಿ ವಾಷಿಂಗ್ಟನ್ ರಾಜ್ಯದ ಪೂರ್ವಕ್ಕೆ, ಸೇಬಿನ ತೋಟಗಳ ನಡುವಿನ ಊರೊಂದರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರಂತೆ. ಪರ್ವತ ಸಿಡಿದದ್ದು ಭಾನುವಾರ ಬೆಳಿಗ್ಗೆ. ಗಾಳಿ ಬೀಸುತ್ತಿದ್ದದ್ದು ಇವರ ಊರಿನ ಕಡೆಗೇ. ಹಿತ್ತಲಲ್ಲಿ ನಿಂತು ಬರುವ ಮೋಡದ ಫೋಟೋ ತೆಗೆದರು, ಆಮೇಲೆ ಆಸ್ಪತ್ರೆಯಿಂದ ಕರೆ ಬಂತು, ಆಮೇಲೆ ಮನೆ ಬದಲಾಯಿತು, ಊರು ಬದಲಾಯಿತು, ರೀಲು ಕ್ಯಾಮೆರಾದಲ್ಲೇ ಉಳಿಯಿತು. ಗಂಡ ತೀರಿಕೊಂಡ ಮೇಲೆ ಇಲ್ಲೇ ಹತ್ತಿರದ ಡಬ್ಲಿನ್ನಿನಲ್ಲಿರುವ ಮಗಳ ಮನೆಗೆ ಬಂದಿದ್ದಾರೆ. ಮಗಳೂ ಜೊತೆಗಿದ್ದಳು. ಗರಾಜು ಖಾಲಿ ಮಾಡುವಾಗ ಕ್ಯಾಮೆರಾ ಅವಳ ಕೈಗೇ ಸಿಕ್ಕಿದ್ದು.

“ಒಳಗೆ ಫಿಲ್ಮ್ ಇದೆ ಅಂತ ಗೊತ್ತಿರಲಿಲ್ಲ. ಬ್ಯಾಕು ಓಪನ್ ಮಾಡ್ಬಿಟ್ಟೆ,” ಎಂದಳು. “ಬಟ್ ಐ ಕ್ಲೋಸ್ಡ್ ಇಟ್ ರೈಟ್ ಅವೇ.”

ತಕ್ಷಣ ಮುಚ್ಚಿದರೂ ಬೆಳಕು ಹೊಕ್ಕಿರುತ್ತದೆ. ಆದರೆ ತೆಗೆದ ಫ್ರೇಮುಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಮೊದಲು ತೆಗೆದವು ಒಳಗೆ, ಕೊನೆಯವು ಹೊರಗೆ. ಪೆಟ್ಟು ಬೀಳುವುದು ಹೊರಸುತ್ತಿಗೆ. ಒಳಗಿನವಕ್ಕೆ ಆಸೆಯಿದೆ ಎಂದೆ.

ಡಾಕ್ಟರಮ್ಮ ಗೋಡೆಯ ಬಳಿಯ, ಫೋಟೋ ಹಿಗ್ಗಿಸುವ ಹಳೆಯ ಎನ್‌ಲಾರ್ಜರನ್ನು ನೋಡುತ್ತ ನಿಂತಿದ್ದಾಗ ಮಗಳು ನನ್ನನ್ನು ಬಾಗಿಲಾಚೆಗೆ ಕರೆದಳು. ಅಮ್ಮನಿಗೆ ಮರೆವು ಶುರುವಾಗಿದೆ, ಪರೀಕ್ಷೆಗಳು ನಡೆದಿವೆ, ಇನ್ನೂ ಆರಂಭದ ಹಂತ ಎಂದಳು. ಕೆಲವು ವರ್ಷಗಳ ಹಿಂದೆ ಕಾಡ್ಗಿಚ್ಚಿನ ಹೊಗೆಗೆ ಬೇ ಏರಿಯಾದಲ್ಲಿ ಹಗಲೇ ಆಗದೆ ಆಕಾಶ ಕಿತ್ತಳೆಯಾಗಿ ನಿಂತಿತ್ತಲ್ಲ, ಆವತ್ತಿನಿಂದ ಅಮ್ಮನ ಬಾಯಲ್ಲಿ ಜ್ವಾಲಾಮುಖಿಯ ಕಥೆ.

“ಪ್ರತಿ ಸಲ ಒಂದೊಂದು ಆ್ಯಡ್ ಆಗತ್ತೆ. ಈಗ ಮೋಡದೊಳಗೆ ಲೈಟ್ನಿಂಗ್ ಇತ್ತು, ಅದರ ಫೋಟೋ ತೆಗ್ದೆ ಅಂತಾರೆ. ಅದು ಟಿವಿಲಿ ನೋಡಿದ್ದು, ಐ ನೋ. ಏನಾದ್ರೂ ಬಂದ್ರೆ, ಪ್ಲೀಸ್, ಫಸ್ಟ್ ನನಗೆ ತೋರ್ಸಿ. ಖಾಲಿ ಇದ್ರೆ ನಾನೇ ಹೇಳ್ತೀನಿ ಅವರಿಗೆ.”

ಮೊದಲು ಏನಾದರೂ ಬರಲಿ ಎಂದೆ. ಒಳಗೆ ಬಂದಾಗ ಡಾಕ್ಟರಮ್ಮ ತಿರುಗಿ ನೋಡದೆಯೇ ಕೇಳಿದರು: “ತಲಿ ಕೆಟ್ಟದ ಅಂದ್ಲೇನ್ರಿ?”

“ಮರೆವು ಅಂದ್ರು.”

“ಅದ. ಇಲ್ಲ ಅನ್ನಂಗಿಲ್ಲ. ಮುಂಜಾನಿ ಗುಳಿಗಿ ತಗೊಂಡ್ನೋ ಇಲ್ಲೋ ಗೊತ್ತಾಗಂಗಿಲ್ಲ. ಆದ್ರ ಆ ದಿನ ನನಗ ಗೊತ್ತದ. ಗೊತ್ತದ ಅಂತ ನನಗ ಅನಸ್ತದ. ಖರೇನೋ ಏನೋ ನೋಡಬೇಕು ಅಷ್ಟ.”

ಆ ಮಾತು ನನಗೆ ಹಿಡಿಸಿತು. ತಮ್ಮದೇ ನೆನಪನ್ನು ರೋಗಿಯನ್ನು ಪರೀಕ್ಷಿಸಿದಂತೆ ಪರೀಕ್ಷಿಸಲು ಹೊರಟಿದ್ದರು ಅವರು.

ಕ್ಯಾಮೆರಾದ ಸುತ್ತುವ ಕೀಲು ಬೂದಿಯ ಮರಳು ಸಿಕ್ಕಿ ಬಿಗಿದಿತ್ತು. ಬಲವಂತವಾಗಿ ತಿರುಗಿಸಿದ್ದರೆ ಆ ಗಾಜಿನ ಪುಡಿಯೇ ಫಿಲ್ಮನ್ನು ಉದ್ದಕ್ಕೂ ಗೀರಿ ಹಾಕುತ್ತಿತ್ತು. ಹಾಗಾಗಿ ಕತ್ತಲ ಕೋಣೆಯಲ್ಲಿ ಹಿಂಬದಿ ತೆರೆದು, ಸುರುಳಿಯನ್ನು ಕೈಯಿಂದಲೇ ಬಿಡಿಸಿ ಡಬ್ಬಿಗೆ ಹಾಕಿದೆ. ಇನ್ನೂ ಫೋಟೋ ತೆಗೆಯದ ಉಳಿದ ಭಾಗ ಫಿಲ್ಮಿನ ತಗಡಿನ ಗೂಡಿನೊಳಗೇ ಇತ್ತು. ಅದನ್ನು ಕತ್ತರಿಸಿ ಬೇರೆ ಇಟ್ಟೆ.

ಗೂಡಿನ ಮೇಲಿನ ಬರಹ ನೋಡಿದಾಗ ಲ್ಯಾಬಿನ ಒಡತಿ ಉಸ್ಸೆಂದರು. ಆಕೆ ಈ ಕೆಲಸದಲ್ಲೇ ತಲೆ ಹಣ್ಣಾದವರು. ಇದು ಸ್ಲೈಡ್ ಫಿಲ್ಮು, ಅದರಲ್ಲೂ ಬಣ್ಣವೇ ಒಳಗಿಲ್ಲದ ಜಾತಿಯದು. ಬಣ್ಣವನ್ನು ತೊಳೆಯುವಾಗ ಹಂತಹಂತವಾಗಿ ಸೇರಿಸಬೇಕಿತ್ತು. ಆ ವಿಧಾನ ನಿಂತುಹೋಗಿ ವರ್ಷಗಳಾದವು, ಆ ರಾಸಾಯನಿಕ ಈಗ ಎಲ್ಲೂ ಸಿಗದು. ಬಂದರೆ ಕಪ್ಪು ಬಿಳುಪೇ ಬರಬೇಕು. ಡಾಕ್ಟರಮ್ಮ ಮಾತಿನ ನಡುವೆ ಬಣ್ಣಿಸಿದ್ದ ಮೋಡದ ನೇರಳೆ ಅಂಚು ಹೋಯಿತು ಎಂದುಕೊಂಡೆ.

ಮರುದಿನ ಖಾಲಿ ತುಂಡಿನ ಮೇಲೆ ಮೊದಲ ಪರೀಕ್ಷೆ. ಸಾಮಾನ್ಯ ಡೆವಲಪರಿನಲ್ಲಿ ಅದ್ದಿ, ಹಿಂಬದಿಯ ಡಾಂಬರಿನಂಥ ಲೇಪವನ್ನು ಸೋಡಾ ನೀರಲ್ಲಿ ನೆನೆಸಿ ಸ್ಪಂಜಿನಿಂದ ಉಜ್ಜಿ ತೆಗೆದೆ. ಫಿಲ್ಮು ಮಣ್ಣಿನ ನೀರಿನ ಬಣ್ಣಕ್ಕೆ ತಿರುಗಿತ್ತು. ವಯಸ್ಸಾದ ಫಿಲ್ಮು ಬೆಳಕೇ ಬೀಳದಿದ್ದರೂ ತಾನಾಗಿಯೇ ಮಬ್ಬಾಗುತ್ತದೆ; ಇದು ನಾನು ಎಣಿಸಿದ್ದಕ್ಕಿಂತ ಜಾಸ್ತಿ ಮಬ್ಬಾಗಿತ್ತು. ಇದರೊಳಗೆ ಚಿತ್ರವಿದ್ದರೂ ಮಂಜಿನಲ್ಲಿ ನಿಂತ ಮನುಷ್ಯನಂತೆ ಕಾಣದೇ ಹೋಗುತ್ತದೆ.

ಎರಡನೇ ತುಂಡಿಗೆ ಡೆವಲಪರನ್ನು ಮಂಜುಗಡ್ಡೆಯಲ್ಲಿಟ್ಟು ತಣ್ಣಗೆ ಮಾಡಿ, ಮಬ್ಬು ತಡೆಯುವ ಪುಡಿಯನ್ನು ಸೇರಿಸಿದೆ. ಫಿಲ್ಮು ತಿಳಿಯಾಗಿ ಬಂತು. ಖುಷಿಪಡುವಂತಿರಲಿಲ್ಲ. ಆ ಪುಡಿ ಮಬ್ಬನ್ನು ತಿನ್ನುವಾಗ ಕ್ಷೀಣವಾದ ಚಿತ್ರವನ್ನೂ ತಿಂದುಬಿಡಬಹುದು. ಬೂದಿಮೋಡದ ಕತ್ತಲಲ್ಲಿ ತೆಗೆದ ಫೋಟೋ ಎಂದ ಮೇಲೆ ಚಿತ್ರ ಕ್ಷೀಣವಾಗಿಯೇ ಇರುತ್ತದೆ. ಎಷ್ಟು ಪುಡಿ ಹಾಕಬೇಕೆಂದು ಖಾಲಿ ತುಂಡು ಹೇಳಲಾರದು. ಅದನ್ನು ತಿಳಿಯಬೇಕಾದರೆ ನಿಜವಾದ ಕೆಲವು ಫ್ರೇಮುಗಳನ್ನು ಕತ್ತರಿಸಿ ಪಣಕ್ಕಿಡಬೇಕು. ಅವು ಹಾಳಾದರೆ ಹಾಳೇ. ಇಡೀ ರೀಲನ್ನು ಒಂದೇ ಸಲ ಹಾಕಿದರೆ ಅದೂ ಜೂಜೇ.

ಯಾವ ಫ್ರೇಮುಗಳು? ಮಾಲೀಕರ ಒಪ್ಪಿಗೆ ಇಲ್ಲದೆ ಕತ್ತರಿ ಹಾಕಬೇಡ ಎಂದರು ಒಡತಿ. ಮಾಲೀಕರು ಯಾರು ಎಂಬ ಪ್ರಶ್ನೆ ಬಂತು. ಲ್ಯಾಬಿಗೆ ಫೋನು ಮಾಡುತ್ತಿದ್ದವಳು ಮಗಳು. ಫೋಟೋ ತೆಗೆದವರು ತಾಯಿ.

ಶನಿವಾರ ಡಬ್ಲಿನ್ನಿಗೆ ಹೋದೆ. ಚಹಾ, ಚುರುಮುರಿ ಆಯಿತು. ವಿಷಯ ಹೇಳಿದೆ.

“ಬಯಾಪ್ಸಿ ಅನ್ರಿ,” ಎಂದರು ಡಾಕ್ಟರಮ್ಮ. “ಕೊನೀಕಿನವು ಕತ್ತರಿಸ್ರಿ. ಅವು ಮಾಳಿಗಿ ಮ್ಯಾಲಿನ ಬೂದಿ ತಗಿಯೋವು, ಮರುದಿನದ್ದು. ಹೋದ್ರ ಹೋಗವಲ್ಲದ್ಯಾಕ. ಮುಂಜಾನಿವು ಒಳಗವ.”

“ಅಮ್ಮ, ಹೌ ಕೆನ್ ಯು ಬಿ ಶೂರ್?” ಎಂದಳು ಮಗಳು. ನನ್ನ ಕಡೆ ತಿರುಗಿ, “ಅಪ್ಪ ಹೇಳ್ತಿದ್ದಿದ್ದೇ ಬೇರೆ. ಆವತ್ತು ಬೆಳಿಗ್ಗೆನೇ ಅಮ್ಮ ಆಸ್ಪತ್ರೆಗೆ ಹೋದ್ರು, ಕ್ಯಾಮೆರಾ ಮುಟ್ಟಿದ್ದು ಎಲ್ಲಾ ಮುಗಿದ ಮೇಲೆ ಅಂತ. ಮೇ ಬಿ ಮಾಳಿಗೇನೇ ಫಸ್ಟು. ಲಾಸ್ಟಲ್ಲಿ ಏನಿದ್ಯೋ ಯಾರಿಗ್ಗೊತ್ತು?”

ತಾಯಿ ಕಪ್ಪಿನ ಹಿಡಿಯನ್ನು ಬೆರಳಲ್ಲಿ ಸವರುತ್ತ ಕೂತರು. ಯಾರು ಸರಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದು ನನ್ನ ಕೆಲಸ. ಹಾಗಾಗಿ ಏನು ನೋಡಿದಿರಿ ಎಂದು ಕೇಳುವುದನ್ನು ಬಿಟ್ಟು, ಕೈ ಏನು ಮಾಡುತ್ತಿತ್ತು ಎಂದು ಕೇಳಿದೆ. ಕ್ಯಾಮೆರಾ ಎಲ್ಲಿ ಹಿಡಿದಿದ್ದಿರಿ? ಬೆಳಕು ಅಳೆಯುವ ಮುಳ್ಳು ಏನು ತೋರಿಸುತ್ತಿತ್ತು?

ಅವರ ಎರಡೂ ಕೈ ತಾವಾಗಿಯೇ ಮೇಲೆದ್ದವು. ಬಲಗೈ ಹೆಬ್ಬೆರಳು ಗಾಳಿಯಲ್ಲಿ ಇಲ್ಲದ ಕೀಲನ್ನು ತಿರುಗಿಸಿತು.

“ಹಿತ್ತಲ ಕಟಕಟಿ ಮ್ಯಾಲೆ ಇಟ್ಟಿದ್ದೆ, ಅಲ್ಲಾಡಬಾರದು ಅಂತ. ಮೋಡ ಬರೂವಾಗ ಬೆಳಕಿತ್ತು. ಆಮ್ಯಾಲೆ ಮುಳ್ಳು ಕೆಳಗ ಬಿತ್ತು, ಏಳಲೇ ಇಲ್ಲ. ಹತ್ತು ಹೊಡಿಯೂದ್ರಾಗ ಕತ್ತಲಾತು, ಬೀದಿ ದೀಪ ಹತ್ತಿದ್ವು. ಜ್ವಾಳದ ಗಿರಣಿ ಒಳಗ ನಿಂತ್ಹಂಗ ಆತ್ರಿ, ಉಸರಾಡಿದ್ರ ಹಿಟ್ಟು. ಗಡಬಡಿಸಿ ತಿರುವಿದೆ, ತಿರುವಿದೆ... ಆವಾಗ ಸಲೀಸಾಗಿತ್ತು. ಮರುದಿನ ಇವರು ಮಾಳಿಗಿ ಹತ್ತಿದಾಗ ತಿರುವಿದ್ರ ಕರಕರ ಅಂತಿತ್ತು. ಹಲ್ಲು ಜುಮ್ ಅಂತಿತ್ತು ನನಗ. ಅದಕ್ಕ ನಿಲ್ಲಿಸಿಬಿಟ್ಟೆ.”

ಕರಕರ. ಅಷ್ಟು ಸಾಕಿತ್ತು ನನಗೆ. ಅವರು ಹೇಳಿದ್ದು ನಿಜವಾದರೆ ಸುರುಳಿಯ ಹೊರಸುತ್ತಿನಲ್ಲಿ ಮಾತ್ರ ಮರಳಿನ ಗೀರು ಇರಬೇಕು, ಒಳಸುತ್ತು ನುಣುಪಾಗಿರಬೇಕು. ಮಗಳ ಮಾತು ನಿಜವಾದರೆ ಗೀರು ಎಲ್ಲ ಕಡೆ ಇರಬೇಕು. ನೋಡಲಾಗದಿದ್ದರೂ ಮುಟ್ಟಿ ತಿಳಿಯಬಹುದು.

“ಕತ್ತರಿಸಲಾ?” ಎಂದು ತಾಯಿಯನ್ನೇ ಕೇಳಿದೆ.

“ಕತ್ತರಿಸ್ರಿ.”

ಮಗಳು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಕತ್ತಲ ಕೋಣೆಯಲ್ಲಿ ಕೈಗವಸು ಬಿಚ್ಚಿ, ಫಿಲ್ಮಿನ ಹಿಂಬದಿಯ ಅಂಚಿನ ಮೇಲೆ ಉಗುರನ್ನು ಹಗುರಾಗಿ ಓಡಿಸಿದೆ. ಹೊರಗಿನ ಸುತ್ತಿನಲ್ಲಿ ಉಗುರು ತೊಡರಿತು, ಸಣ್ಣ ಸಣ್ಣ ಗೀರು, ಅಂಟಿದ ಕಣ. ಇನ್ನೊಂದು ಸುತ್ತು ಬಿಡಿಸಿದೆ, ಅಲ್ಲೂ ಗೀರು. ಆಮೇಲೆ ಒಂದು ಕಡೆ ಅದು ನಿಂತೇಹೋಯಿತು. ಮುಂದಕ್ಕೆ ಉಗುರು ಎಣ್ಣೆಯ ಮೇಲೆ ಜಾರಿದಂತೆ ಜಾರಿತು. ಕತ್ತಲಲ್ಲಿ ಒಬ್ಬನೇ ನಿಂತು ಜೋರಾಗಿ ನಕ್ಕುಬಿಟ್ಟೆ. ಗೀರು ನಿಂತಲ್ಲಿ ಹೆಬ್ಬೆರಳು ಊರಿ ಕತ್ತರಿ ಹಾಕಿದೆ.

ಹೊರತುಂಡನ್ನು ತಣ್ಣನೆಯ ಡೆವಲಪರಿಗೆ, ಪೂರ್ತಿ ಪ್ರಮಾಣದ ಪುಡಿಯೊಂದಿಗೆ ಹಾಕಿದೆ. ಹೊರಬಂದದ್ದು ಗಾಜಿನಷ್ಟು ತಿಳಿ, ಚಿತ್ರ ಹೆಚ್ಚುಕಡಿಮೆ ಇಲ್ಲ. ಬೆಳಕು ಹೊಕ್ಕ ಕಡೆ ಕಪ್ಪು ಪಟ್ಟೆ, ಮಿಕ್ಕಲ್ಲಿ ನೆರಳಿನ ನೆರಳು. ಕೊನೆಗೆ ಒಂದು ಫ್ರೇಮಿನ ಮೂಲೆಯಲ್ಲಿ, ಬೆಳಕಿನ ಮೇಜಿನ ಮೇಲೆ ಓರೆಯಾಗಿ ಹಿಡಿದಾಗ, ಏಣಿ ಕಂಡಿತು. ಏಣಿಯ ತುದಿಯಲ್ಲಿ ಸಲಿಕೆ ಹಿಡಿದ ಮನುಷ್ಯ. ಮಾಳಿಗೆ!

ಅಂದರೆ ಪುಡಿ ಜಾಸ್ತಿಯಾಗಿತ್ತು. ಒಡತಿಯೊಂದಿಗೆ ಮಧ್ಯಾಹ್ನವೆಲ್ಲ ಚರ್ಚೆ. ಅರ್ಧಕ್ಕಿಳಿಸು ಎಂದರು ಆಕೆ. ನಾನು ಇನ್ನೂ ಇಳಿಸೋಣ ಎಂದೆ. ಬಿಸಿಲಲ್ಲಿ ತೆಗೆದ ಮಾಳಿಗೆಯೇ ಇಷ್ಟು ಸೊರಗಿದ್ದರೆ ಕತ್ತಲಲ್ಲಿ ತೆಗೆದದ್ದು ಉಳಿಯುವುದಿಲ್ಲ. ಮಬ್ಬು ಬರಲಿ, ಮಬ್ಬಿನೊಳಗಿಂದ ಸ್ಕ್ಯಾನಿನಲ್ಲಿ ಎಳೆದು ತೆಗೆಯಬಹುದು. ಬಾರದೇ ಇರುವುದನ್ನು ಯಾವ ಸ್ಕ್ಯಾನೂ ತರಲಾರದು. ಆಕೆ ಭುಜ ಕುಣಿಸಿ, ಸರಿ, ನಿನ್ನ ಕೈ, ಎಂದರು. ಚಿಟಿಕೆಯಷ್ಟು ಪುಡಿ ಹಾಕಿ, ಹೆಚ್ಚು ಹೊತ್ತು ಬಿಟ್ಟೆ.

ತೊಳೆದು ನೇತುಹಾಕಿದಾಗ ಪಟ್ಟಿ ಬೂದು ಬಣ್ಣಕ್ಕಿತ್ತು. ಆ ಬೂದಿನೊಳಗೆ, ನೆಗೆಟಿವಿನ ಕಪ್ಪು ಬಿಳುಪನ್ನು ಮನಸ್ಸಿನಲ್ಲೇ ಮಗುಚಿ ನೋಡಿದರೆ, ಒಂದರ ಪಕ್ಕ ಒಂದು ಚಿತ್ರ. ಹಿತ್ತಲ ಕಟಕಟೆ. ಅದರಾಚೆ ಸೇಬಿನ ಮರಗಳ ಸಾಲು. ಮೇಲೆ, ಹೂಕೋಸನ್ನು ತಲೆಕೆಳಗು ನೇತುಹಾಕಿದ ಹಾಗೆ ಗಂಟುಗಂಟಾಗಿ ಜೋತುಬಿದ್ದ ಮೋಡ. ಮುಂದಿನದರಲ್ಲಿ ಮೋಡ ಅರ್ಧ ಆಕಾಶ, ಅದರ ಮುಂದಿನದರಲ್ಲಿ ಪೂರ್ತಿ. ಆಮೇಲೆ ಬೀದಿ ದೀಪವೊಂದೇ, ಅದರ ಸುತ್ತ ಸುರಿಯುವ ಪುಡಿ.

ಅದರ ಪಕ್ಕದ ಫ್ರೇಮಿನಲ್ಲಿ ಮಿಂಚಿತ್ತು.

ಕಪ್ಪು ಆಕಾಶದಲ್ಲಿ ಬೇರು ಬಿಟ್ಟಂತೆ ಕವಲೊಡೆದ ಬಿಳಿ ಗೆರೆ. ಮಗಳಿಗೆ ಫೋನು ಮಾಡಲು ಮೊಬೈಲು ಕೈಗೆ ತೆಗೆದುಕೊಂಡವನು ಹಾಗೆಯೇ ನಿಂತೆ. ಗೆರೆಯ ಒಂದು ಕವಲು ಚಿತ್ರದ ಅಂಚಿಗೆ ಬಂದು ಅಲ್ಲಿ ನಿಂತಿರಲಿಲ್ಲ. ಅಂಚು ದಾಟಿ, ಎರಡು ಫ್ರೇಮುಗಳ ನಡುವಿನ ಖಾಲಿ ಜಾಗಕ್ಕೂ ಚಾಚಿತ್ತು. ಲೆನ್ಸಿನ ಮೂಲಕ ಬಂದ ಮಿಂಚು ಅಲ್ಲಿಗೆ ಹೋಗಲಾರದು. ಆ ಜಾಗಕ್ಕೆ ಹೊರಗಿನ ಬೆಳಕು ಬೀಳುವುದೇ ಇಲ್ಲ. ಒಣ ಗಾಳಿಯಲ್ಲಿ ಫಿಲ್ಮನ್ನು ಗಡಬಡಿಸಿ ತಿರುವಿದಾಗ ಕ್ಯಾಮೆರಾದ ಒಳಗೇ ಕಿಡಿ ಹಾರುತ್ತದೆ, ಉಣ್ಣೆಯ ಸ್ವೆಟರ್ ಬಿಚ್ಚುವಾಗ ಚಿಟಚಿಟ ಅನ್ನುವ ಹಾಗೆ. ಆ ಕಿಡಿ ಫಿಲ್ಮಿನ ಮೇಲೆ ಹೀಗೇ ಕವಲಾಗಿ ಮೂಡುತ್ತದೆ. ಎಷ್ಟೋ ರೀಲುಗಳಲ್ಲಿ ನೋಡಿದ್ದೇನೆ.

ಸ್ಕ್ಯಾನು ಮಾಡುವಾಗ ಆ ಅಂಚನ್ನು ಕತ್ತರಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯೋಚನೆ ಬಂದದ್ದು ಸುಳ್ಳಲ್ಲ. ಆದರೆ ಖರೇನೋ ಏನೋ ನೋಡಬೇಕು ಎಂದು ಬಂದವರಿಗೆ ಅರ್ಧ ಚಿತ್ರ ಕೊಡುವುದು ಹೇಗೆ? ಅಂಚು ಸಮೇತ ಸ್ಕ್ಯಾನು ಮಾಡಿ, ಇಬ್ಬರನ್ನೂ ಒಟ್ಟಿಗೇ ಬರಹೇಳಿದೆ.

ದೊಡ್ಡ ಪರದೆಯ ಮುಂದೆ ಎರಡು ಕುರ್ಚಿ ಹಾಕಿದೆ. ತಾನು ಮೊದಲು ನೋಡಬೇಕೆಂದಿದ್ದ ಮಗಳು ನನ್ನ ಮುಖವನ್ನೊಮ್ಮೆ ನೋಡಿ ಕೂತಳು. ಕಟಕಟೆ ಬಂತು. ಮೋಡ ಬಂತು. ಮಗಳು ಪರದೆಯತ್ತ ಬಾಗಿದಳು.

“ಅಮ್ಮ. ಯು ವರ್ ದೇರ್.”

“ಮತ್ತೇನ್ ಹೇಳಲಿಕತ್ತಿದ್ನೆ ಇಷ್ಟ ದಿನ?”

ಮಿಂಚು ಬಂತು. ಡಾಕ್ಟರಮ್ಮ ಕುರ್ಚಿಯಿಂದ ಅರ್ಧ ಎದ್ದರು. ಅವರು ಏನಾದರೂ ಹೇಳುವ ಮೊದಲೇ ನಾನು ಅಂಚನ್ನು ದೊಡ್ಡದು ಮಾಡಿ ತೋರಿಸಿ, ಕಿಡಿಯ ವಿಷಯ ಹೇಳಿದೆ. ಇದು ಆಕಾಶದ ಮಿಂಚಲ್ಲ, ಕ್ಯಾಮೆರಾದೊಳಗಿನದು. ಮಗಳು ಅಮ್ಮನ ಮೊಣಕೈ ಹಿಡಿದಳು.

ಅವರು ಪರದೆಯ ಹತ್ತಿರ ಹೋಗಿ ಕವಲಿನ ಮೇಲೆ ಬೆರಳು ಓಡಿಸಿದರು. “ಒಳಗ ಯಾಕ ಕಿಡಿ ಹಾರಿತ್ರಿ?”

“ಒಣಗಿದ್ದು ಒಂದಕ್ಕೊಂದು ಉಜ್ಜಿದರೆ ಹಾಗಾಗತ್ತೆ.”

“ಮೋಡದಾಗ?”

“ಅಲ್ಲೂ ಅಷ್ಟೆ. ಆ ಪುಡಿ ಪುಡಿಗೆ ಉಜ್ಜಿಯೇ ಮಿಂಚು ಹುಟ್ಟೋದು.”

“ಹಂಗಾರ ಆವತ್ತ ಎರಡೂ ಕಡೆ ಮಿಂಚಿತ್ತು ಅನ್ರಿ!” ಎಂದು ಮಗುವಿನಂತೆ ಕಣ್ಣರಳಿಸಿದರು. “ಮ್ಯಾಲಿಂದು ನಾ ನೋಡೀನಿ, ಕ್ಯಾಮೆರಾ ನೋಡಿಲ್ಲ. ಒಳಗಿಂದು ಕ್ಯಾಮೆರಾ ನೋಡ್ಯದ, ನಾ ನೋಡಿಲ್ಲ.” ಮಗಳ ಕಡೆ ತಿರುಗಿ, “ಮ್ಯಾಲಿಂದು ನೋಡಿದ್ನೋ ಟಿವಿಯಾಗ ನೋಡಿದ್ನೋ, ಈಗ ಯಾರಿಗೂ ಹೇಳಾಕ ಬರಂಗಿಲ್ಲ. ಇರಲಿ ಬಿಡು,” ಎಂದರು.

ಮಗಳು ತಲೆಯಾಡಿಸಿದಳು. ತಿದ್ದಲು ಹೋಗಲಿಲ್ಲ.

ಇನ್ನೊಂದು ಚಿತ್ರ ಉಳಿದಿತ್ತು, ಕತ್ತರಿ ಬಿದ್ದ ಜಾಗದ ಪಕ್ಕದ್ದು. ಅದನ್ನು ತೆಗೆದೆ. ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು, ಡಾಕ್ಟರರ ಬಿಳಿ ಕೋಟು, ಕತ್ತಿಗೆ ಜಾರಿಸಿಕೊಂಡ ಮಾಸ್ಕು. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬೂದಿಗೆ ಬೆಳ್ಳಗಾಗಿವೆ. ಬಾಯಿತುಂಬ ನಗುತ್ತಿದ್ದಾಳೆ.

ಡಾಕ್ಟರಮ್ಮ ಮುಂದಕ್ಕೆ ಬಾಗಿದರು. “ಅವ್ವ,” ಎಂದರು. “ನಮ್ಮವ್ವ ಅಲ್ಲಿಗೆ ಯಾವಾಗ ಬಂದಿದ್ಲು?”

ಮಗಳು ಕಣ್ಣು ಮುಚ್ಚಿಕೊಂಡಳು. ಪರದೆಯ ಮೇಲಿನ ಬಿಳಿಗೂದಲಿನ ಹೆಂಗಸಿಗೂ ಕುರ್ಚಿಯಲ್ಲಿದ್ದ ಬಿಳಿಗೂದಲಿನ ಹೆಂಗಸಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ, ಸುಕ್ಕೊಂದನ್ನು ಬಿಟ್ಟು.

“ಅಯ್ಯ, ನಾನಽ ಅಲ್ಲೇನು ಅದು!” ಎಂದು ಡಾಕ್ಟರಮ್ಮ ಹಣೆ ಬಡಿದುಕೊಂಡು ನಕ್ಕರು. “ದವಾಖಾನಿಂದ ಬಂದಾಗಿಂದು. ಇವರು ತಗದಾರ. ಇವರು ಕ್ಯಾಮೆರಾ ಹಿಡದದ್ದಽ ನನಗ ಗೊತ್ತಿಲ್ಲಲ್ಲ!”

ಮಗಳು ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡಳು. ಆ ದಿನದ ಬಗ್ಗೆ ಅವಳು ಪ್ರಶ್ನೆ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ತಡವರಿಸುತ್ತ ಕನ್ನಡದಲ್ಲೇ ಕೇಳಿದಳು.

“ಅಪ್ಪ ಏನು ಹೇಳಿದ್ರು ಅಮ್ಮ, ಆವಾಗ?”

ಡಾಕ್ಟರಮ್ಮ ಚಿತ್ರವನ್ನೇ ನೋಡುತ್ತ ಯೋಚಿಸಿದರು.

“ನೆನಪಿಲ್ಲವ್ವಾ,” ಎಂದರು. “ಏನರೆ ನಗಿಸೋ ಮಾತು ಹೇಳಿರಬೇಕು. ನೋಡು, ಹೆಂಗ ನಕ್ಕೀನಿ.”